ಹೆಂಡ್ರಿಕಾಳ ಗಂಡ

ಆಮರ್ಸ್‌ಫೋರ್ಟಿಗೆ ಬಂದ ಹನ್ನೊಂದನೆಯ ದಿನ ರುದ್ರಪ್ಪ ಕಸದ ಚೀಲ ಇಡಲು ಹೊರಗೆ ಬಂದ. ಹಿಂದೆ ಬಾಗಿಲು ತನ್ನಷ್ಟಕ್ಕೆ ತಾನೇ ಹಾಕಿಕೊಂಡಿತು. ಮಗಳು ವಾಸಂತಿ ಡಚ್ ಕಲಿಯುವ ತರಗತಿಗೆ ಹೋಗಿದ್ದಳು. ಅಳಿಯ ಸುರೇಶ ಆಫೀಸಿನಲ್ಲಿದ್ದ. ಇನ್ನೆರಡು ವರ್ಷಕ್ಕೆ ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ಬುದ್ಧಿ ಕೆಡುತ್ತದಂತೆ, ಕೆಡದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ರುದ್ರಪ್ಪನ ಮೈಮೇಲೆ ಇದ್ದದ್ದು ಪಂಚೆ, ಬನಿಯನ್ನು, ಒಂದು ಮಫ್ಲರು. ಏಪ್ರಿಲ್ ತಿಂಗಳಾದರೂ ಗಾಳಿ ಸೂಜಿಯ ಹಾಗೆ ಚುಚ್ಚುತ್ತಿತ್ತು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಒಂದೆರಡು ಸಲ ಬಾಗಿಲಿಗೇ "ತೆಗಿಯಪ್ಪ, ತೆಗಿ" ಎಂದು ಹೇಳಿ ನೋಡಿದ.

ಪಕ್ಕದ ಮನೆಯ ಮುದುಕ ಕಿಟಕಿಯಿಂದ ಇದನ್ನು ಕಂಡು ಹೊರಗೆ ಬಂದು, ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋದ. ಆರಡಿ ಎತ್ತರದ ಆಳು. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತನಾದವನು. ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದ. ಹೆಸರಿನ ಮೊದಲ ಅಕ್ಷರ ಕಫ ಕ್ಯಾಕರಿಸಿದ ಹಾಗೆ ಗಂಟಲ ತಳದಿಂದ ಬಂತು. ಪಾಪ, ಇವನಿಗೂ ನೆಗಡಿ ಎಂದುಕೊಂಡ ರುದ್ರಪ್ಪ. ಅದು ನೆಗಡಿಯಲ್ಲ, ಹೆಸರೇ ಖೆರಿಟ್ ಲೆನ್ಸಿಂಕ್ ಎಂದು ಸಂಜೆ ಮಗಳು ತಿಳಿಸಿದಳು. ಅಷ್ಟರಲ್ಲಿ ರುದ್ರಪ್ಪ ಅವನಿಗೆ ಗಿರಿಯಪ್ಪ ಎಂದು ಹೆಸರಿಟ್ಟಾಗಿತ್ತು, ಮುದುಕನೂ ಅದಕ್ಕೆ ಓಗೊಟ್ಟಾಗಿತ್ತು.

ಆ ಬೆಳಿಗ್ಗೆ ಖೆರಿಟ್ ಕಾಫಿ ಕೊಟ್ಟು, ಕಾಲಮೇಲೆ ಕಂಬಳಿ ಹೊದಿಸಿ, ಮೇಜಿನ ತುಂಬ ಹರಡಿದ್ದ ಕಾಗದಗಳನ್ನು ತೋರಿಸಿದ. ಭಾಷೆ ಇಲ್ಲ. ಎದ್ದು ನಿಂತು ಕೊಡೆಯನ್ನು ಹೆಗಲಿಗೇರಿಸಿ ಕೋಣೆಯ ಉದ್ದಕ್ಕೂ ಎಡ ಬಲ ಎಂದು ನಡೆದ. ಆಮೇಲೆ ಕೊಡೆಯನ್ನು ಕೆಳಗಿಟ್ಟು, ಎರಡು ಕೈಯಿಂದ ನೇಗಿಲು ಹಿಡಿದವನ ಹಾಗೆ ಬಗ್ಗಿ ಸೋಫಾದವರೆಗೆ ಉತ್ತ. ರುದ್ರಪ್ಪನಿಗೆ ತಿಳಿಯಿತು: ಇವನ ಹಿರಿಯರಲ್ಲಿ ಯಾರೋ ಮೊದಲು ಬಡಿದಾಡಿದ್ದಾರೆ, ಆಮೇಲೆ ಬೇಸಾಯ ಮಾಡಿದ್ದಾರೆ. ತನ್ನ ಊರು ಹುಲ್ಲೇನಹಳ್ಳಿಯಲ್ಲಿ ಇದು ಉಲ್ಟಾ. ಮೊದಲು ಬೇಸಾಯ, ಆಮೇಲೆ ಬದುವಿನ ಮೇಲೆ ಬಡಿದಾಟ.

ವಾಸಂತಿ ಬಂದ ಮೇಲೆ ಪೂರ್ತಿ ಕತೆ ಹೊರಬಿತ್ತು. ಖೆರಿಟ್‌ನ ಮನೆತನದ ಮೂಲ ಈ ದೇಶದ ಪೂರ್ವದ ಕಡೆ, ಲೆನ್ಸಿಂಕ್ ಎಂಬ ತೋಟದ ಮನೆ. ಇನ್ನೂರು ವರ್ಷದ ಹಿಂದೆ ಡೆರ್ಕ್ ಲೆನ್ಸಿಂಕ್ ಎಂಬವನು ಸೈನ್ಯದಲ್ಲಿದ್ದು, ಯುದ್ಧ ಮುಗಿಸಿ ಬಂದು ಅಲ್ಲಿ ಬೇಸಾಯಕ್ಕೆ ನಿಂತನೆಂದು ಖೆರಿಟ್‌ನ ತಾತ ಹೇಳುತ್ತಿದ್ದ. ಡೆರ್ಕ್ ಬೇಸಾಯ ಮಾಡಿದ್ದಕ್ಕೆ ಕಾಗದಗಳಿದ್ದವು. ಸಿಪಾಯಿಯಾಗಿದ್ದಕ್ಕೆ ಒಂದೂ ಇರಲಿಲ್ಲ. ಹನ್ನೊಂದು ವರ್ಷದಿಂದ ಖೆರಿಟ್ ಸೈನ್ಯದ ಪಟ್ಟಿಗಳಲ್ಲಿ ಲೆನ್ಸಿಂಕ್ ಹುಡುಕುತ್ತಿದ್ದ. ಜೂನ್ ಮೊದಲ ಶನಿವಾರ ಲೆನ್ಸಿಂಕ್ ವಂಶದವರೆಲ್ಲ ಸೇರುತ್ತಾರೆ. ಅದಕ್ಕೊಂದು ಸಂಘ, ಸಂಘಕ್ಕೆ ಅಧ್ಯಕ್ಷ ದಾಯಾದಿ ಬೆರೆಂಡ್. ಹೋದ ವರ್ಷ ಬೆರೆಂಡ್ ತುಂಬಿದ ಸಭೆಯಲ್ಲಿ, "ಮುಂದಿನ ಸಲ ಕಾಗದ ತಾ, ಇಲ್ಲವಾದರೆ ನಿನ್ನ ಸಿಪಾಯಿಯ ಮಾತು ಇಲ್ಲಿ ಎತ್ತಬೇಡ" ಎಂದಿದ್ದ. ಎಲ್ಲರೂ ನಕ್ಕಿದ್ದರು.

"ಅಷ್ಟಕ್ಕೆ ಇಷ್ಟು ಒದ್ದಾಟವೇನವ್ವ?" ಎಂದ ರುದ್ರಪ್ಪ.

"ನಿಮಗೆ ಯಾರಾದ್ರೂ ಎಂಬತ್ತು ಜನರ ಮುಂದೆ ನಿಮ್ಮ ತಾತ ಸುಳ್ಳ ಅಂದ್ರೆ?"

ರುದ್ರಪ್ಪ ಯೋಚಿಸಿದ. "ನಮ್ ತಾತ ಸುಳ್ಳನೇ. ಆದ್ರೂ ಅನ್ನಬಾರದು, ಬಿಡು."

ಖೆರಿಟ್ ವಾರಕ್ಕೊಮ್ಮೆ ಕಾರಿನಲ್ಲಿ ಒಂದು ಗಂಟೆಯ ದಾರಿ ಹೋಗಿ ಆ ಕಡೆಯ ರೆಕಾರ್ಡ್ ರೂಮಿನಲ್ಲಿ ಕೂರುತ್ತಿದ್ದ. ಡಚ್ ಮಾತಾಡಿ ರೂಢಿಯಾಗಲೆಂದು ವಾಸಂತಿ ಜೊತೆಗೆ ಹೊರಟಳು. ರುದ್ರಪ್ಪನನ್ನೂ ಆ ಬಾಗಿಲನ್ನೂ ಒಟ್ಟಿಗೆ ಬಿಟ್ಟುಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಅವನನ್ನೂ ಹಿಂದಿನ ಸೀಟಿಗೆ ಹತ್ತಿಸಿದರು.

ರೆಕಾರ್ಡ್ ರೂಮೆಂದರೆ ರುದ್ರಪ್ಪನಿಗೆ ಹೊಸದಲ್ಲ. ತಾಲ್ಲೂಕು ಕಚೇರಿಯ ಆ ಕೋಣೆಯ ಮುಂದೆ ಅವನು ಬದುಕಿನ ಎಷ್ಟು ಸೋಮವಾರಗಳನ್ನು ಕಳೆದಿದ್ದನೋ. ಅಲ್ಲಿ ಕಡತ ಸಿಗಬೇಕಾದರೆ ಮೊದಲು ಗುಮಾಸ್ತ ಸಿಗಬೇಕು, ಗುಮಾಸ್ತ ಸಿಕ್ಕರೆ ಬೀಗದಕೈ ಸಿಗಬೇಕು. ಇಲ್ಲಿ ಕನ್ನಡಕದ ಹೆಂಗಸೊಬ್ಬಳು ನಗುತ್ತ ಬಂದು, ಖೆರಿಟ್ ಕೇಳಿದ ಪೆಟ್ಟಿಗೆಯನ್ನು ಐದು ನಿಮಿಷದಲ್ಲಿ ತಂದು ಮೇಜಿನ ಮೇಲಿಟ್ಟು, ಬರೆದುಕೊಳ್ಳಲು ಒಂದು ಪೆನ್ಸಿಲ್ಲನ್ನೂ ಕೊಟ್ಟು ಹೋದಳು.

ರುದ್ರಪ್ಪ ಮಗಳ ಕಿವಿಯಲ್ಲಿ ಹೇಳಿದ: "ಇದು ಅಸಲಿ ರೆಕಾರ್ಡ್ ಇರಲಿಕ್ಕಿಲ್ಲ ಕಣವ್ವ."

"ಯಾಕಪ್ಪಾ?"

"ಇಷ್ಟು ಬೇಗ ಕೊಟ್ಟರಲ್ಲ."

ಪೆಟ್ಟಿಗೆಯಲ್ಲಿ ಸೈನ್ಯದಿಂದ ಬಿಡುಗಡೆಯಾದವರ ಚೀಟಿಗಳು. ಕೋಟು, ಬೂಟು, ಬಂದೂಕು ಹಿಂದಿರುಗಿಸಿದ್ದೇನೆಂದು ಒಬ್ಬೊಬ್ಬ ಸಿಪಾಯಿಯೂ ಕೆಳಗೆ ರುಜು ಹಾಕಿದ್ದ. ಖೆರಿಟ್ ಹೆಸರು ಓದುತ್ತ, ತಲೆಯಾಡಿಸುತ್ತ, ಹಾಳೆ ಮಗುಚುತ್ತ ಹೋದ. ರುದ್ರಪ್ಪ ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನೇ ತಡವರಿಸಿ ಓದುವವನಿಗೆ ಹೆಸರುಗಳಿಂದ ಏನಾಗಬೇಕು? ಅವನು ಹಾಳೆಯ ತಳವನ್ನು ಮಾತ್ರ ನೋಡುತ್ತ ಕೂತ. ಅಕ್ಷರ ಬಾರದ ಸಿಪಾಯಿಗಳು ರುಜುವಿನ ಬದಲು ಒಂದೊಂದು ಗುರುತು ಗೀಚಿದ್ದರು. ಒಬ್ಬನದು ಏಣಿ, ಇನ್ನೊಬ್ಬನದು ಮೀನು, ಮತ್ತೊಬ್ಬನದು ಮುರಿದ ಕೊಡಲಿ. ದನದ ಮೈಮೇಲಿನ ಬರೆ ನೋಡಿದಷ್ಟು ಖುಷಿಯಾಯಿತು ಅವನಿಗೆ. ಕಣ್ಣಿಗೆ ಬಿದ್ದ ಬರೆ ರುದ್ರಪ್ಪನಿಗೆ ಮರೆಯುವುದಿಲ್ಲ. ಹತ್ತು ವರ್ಷದ ಹಿಂದೆ ಕಾಣೆಯಾದ ಹೋರಿಯನ್ನು ಮೂರು ತಾಲ್ಲೂಕಿನಾಚೆಯ ಸಂತೆಯಲ್ಲಿ ತೊಡೆಯ ಬರೆಯಿಂದಲೇ ಹಿಡಿದವನು.

ಆ ದಿನ ಏನೂ ಸಿಗಲಿಲ್ಲ. ಮುಂದಿನ ವಾರವೂ ಇಲ್ಲ. ಮೂರನೆಯ ವಾರ ಖೆರಿಟ್ ಬೇಸತ್ತು, ಸೈನ್ಯ ಬಿಟ್ಟು ಹೊಲದ ಕಾಗದಗಳನ್ನಾದರೂ ರುದ್ರಪ್ಪನಿಗೆ ತೋರಿಸೋಣವೆಂದು ಗೇಣಿ ಪತ್ರವೊಂದನ್ನು ತರಿಸಿದ. ಸಾವಿರದ ಎಂಟುನೂರ ಮೂರನೆಯ ಇಸವಿ. ಲೆನ್ಸಿಂಕ್ ತೋಟವನ್ನು ಡೆರ್ಕ್ ಲೆನ್ಸಿಂಕ್ ಗೇಣಿಗೆ ಪಡೆದದ್ದು. ತಳದಲ್ಲಿ ಡೆರ್ಕ್‌ನ ಗುರುತು. ಕಾಗೆ ಕಾಲಿನ ಹಾಗೆ ಮೂರು ಗೀಟು, ಬುಡದಲ್ಲಿ ಒಂದು ಸೊನ್ನೆ. ಸೊನ್ನೆ ಪೂರ್ತಿ ಮುಚ್ಚಿರಲಿಲ್ಲ, ಎಡಗಡೆ ಬಾಯಿ ತೆರೆದಿತ್ತು.

"ಇವನನ್ನ ನೋಡಿದೀನಿ," ಎಂದ ರುದ್ರಪ್ಪ.

"ಯಾರನ್ನಪ್ಪಾ?"

"ಈ ಮನುಷ್ಯನ್ನ. ಮೊದಲ್ನೇ ದಿನದ ಪೆಟ್ಟಿಗೇಲಿದ್ದ. ಮೂಲೇಲಿ ಇಲಿ ಕಚ್ಚಿರೋ ಹಾಳೆ. ತರಿಸು."

ಪೆಟ್ಟಿಗೆ ಬಂತು. ರುದ್ರಪ್ಪ ಹಾಳೆ ಎಣಿಸಲಿಲ್ಲ, ಹೆಸರು ನೋಡಲಿಲ್ಲ, ತಳ ನೋಡುತ್ತ ಮಗುಚಿ ಇಲಿ ಕಚ್ಚಿದ ಹಾಳೆಯನ್ನು ಎಳೆದು ಗೇಣಿ ಪತ್ರದ ಪಕ್ಕಕ್ಕಿಟ್ಟ. ಅದೇ ಕಾಗೆ ಕಾಲು, ಅದೇ ಬಾಯಿ ತೆರೆದ ಸೊನ್ನೆ.

ಖೆರಿಟ್ ಮೇಲಿನ ಹೆಸರು ಓದಿದ. ಡೆರ್ಕ್ ಹಾರ್ಮ್ಸನ್. ಎಂದರೆ ಹಾರ್ಮ್ ಎಂಬವನ ಮಗ. ನಾಲ್ಕು ವರ್ಷ ಸಿಪಾಯಿ. ಒಂದೇ ಒಂದು ಕಾಳಗಕ್ಕೆ ಹೊರಟಿದ್ದ. ಹಿಂದಿನ ದಿನ ಕಾಯಿ ಪ್ಲಮ್ಮು ತಿಂದು ಹೊಟ್ಟೆ ಕೆಟ್ಟು ಆಸ್ಪತ್ರೆಯಲ್ಲಿ ಉಳಿದಿದ್ದ.

"ಇವನು ಬೇರೆಯವನು," ಎಂದು ಖೆರಿಟ್ ತಲೆಯಾಡಿಸಿದ. "ನಮ್ಮವನು ಲೆನ್ಸಿಂಕ್."

"ಗಿರಿಯಪ್ಪನಿಗೆ ಕೇಳವ್ವ, ಇವನ ಹೆಂಡತಿ ಯಾರು ಅಂತ."

ಅದು ಖೆರಿಟ್‌ನ ಕಡತದಲ್ಲೇ ಇತ್ತು. ಚರ್ಚಿನ ಮದುವೆ ಪುಸ್ತಕದ ನಕಲು: ಜಾನ್ ಲೆನ್ಸಿಂಕನ ವಿಧವೆ ಹೆಂಡ್ರಿಕಾ, ಎರಡು ವರ್ಷದ ಒಬ್ಬ ಮಗನುಳ್ಳವಳು, ಡೆರ್ಕ್ ಹಾರ್ಮ್ಸನ್ ಎಂಬವನನ್ನು ಮದುವೆಯಾದಳು. ಅದರ ಮೇಲೆ ಖೆರಿಟ್ ಏಳು ವರ್ಷದ ಹಿಂದೆಯೇ ಪೆನ್ಸಿಲ್ಲಿನಲ್ಲಿ ಅಡ್ಡಗೀಟು ಎಳೆದು ಬರೆದಿದ್ದ: ಮದುವೆಯಾಗಿ ಬೇರೆ ಮನೆಗೆ ಹೋದಳು, ನಮಗೆ ಸಂಬಂಧವಿಲ್ಲ. ಡೆರ್ಕ್ ಲೆನ್ಸಿಂಕನ ಹೆಂಡತಿಯ ಹೆಸರೂ ಹೆಂಡ್ರಿಕಾ, ಅವಳು ಬೇರೆ ಎಂದುಕೊಂಡಿದ್ದ.

ರುದ್ರಪ್ಪ ಕೇಳಿಸಿಕೊಂಡು ಆ ಅಡ್ಡಗೀಟಿನ ಮೇಲೆ ಬೆರಳಿಟ್ಟ. ಆಮೇಲೆ ಮೆಲ್ಲಗೆ, "ಅವಳು ಹೋದಳು ಅಂತ ಯಾರು ಹೇಳಿದ್ರಂತೆ? ಅವನೇ ಬಂದಿರಬೋದಲ್ಲ," ಎಂದ. "ಮನೆಅಳಿಯ. ಮನೆ ಹೆಸರೇ ಅವನ ಹೆಸರಾಯ್ತು. ಅಷ್ಟೇ."

ವಾಸಂತಿ ಅನುವಾದಕ್ಕೆ ಹೊರಟಳು. ಮನೆಅಳಿಯನಿಗೆ ಡಚ್ಚಿನಲ್ಲಿ ಏನೆನ್ನುತ್ತಾರೋ ಮೇಷ್ಟರು ಹೇಳಿಕೊಟ್ಟಿರಲಿಲ್ಲ. ಅಳಿಯನಿಗೆ ಸ್ಖೋನ್‌ಝೋನ್ ಎನ್ನುತ್ತಾರೆಂದು ಗೊತ್ತಿತ್ತು. ಬಿಡಿಸಿದರೆ ಚೊಕ್ಕ ಮಗ ಎಂದಾಗುತ್ತದೆ. ಮನೆಗೆ ಹಾಯ್ಸ್. ಎರಡನ್ನೂ ಸೇರಿಸಿ ಧೈರ್ಯವಾಗಿ ಹೇಳಿಬಿಟ್ಟಳು.

ಖೆರಿಟ್‌ನ ಕಿವಿ ಕೆಂಪಾಯಿತು. "ಮನೆ ಚೊಕ್ಕ ಮಾಡುವ ಹುಡುಗನೇ? ನಮ್ಮ ಡೆರ್ಕ್ ಕಸ ಗುಡಿಸುತ್ತಿದ್ದನೇ?"

"ಏನಂತವ್ವ?"

"ಡೆರ್ಕ್ ಕಸ ಗುಡಿಸ್ತಿದ್ನಾ ಅಂತ ಕೇಳ್ತಿದಾರೆ."

"ಗುಡಿಸಿರ್ತಾನೆ," ಎಂದ ರುದ್ರಪ್ಪ, ಅನುಭವದಿಂದ. "ಸೆಗಣೀನೂ ಬಾಚಿರ್ತಾನೆ. ಮನೆಅಳಿಯನಿಗೆ ಇಂಥ ಕೆಲಸ ಅಂತ ಉಂಟಾ?"

ಇದನ್ನೂ ವಾಸಂತಿ ಹಾಗೇ ಹೇಳಿದಳು. ಖೆರಿಟ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟ. ಗಲಾಟೆ ಕೇಳಿ ಕನ್ನಡಕದ ಹೆಂಗಸು ಬಂದಳು, ಎರಡು ಹಾಳೆಗಳನ್ನೂ ನೋಡಿದಳು, ವಾಸಂತಿಯ ಕೈ ಆಡಿಸುವಿಕೆಯನ್ನೂ ನೋಡಿದಳು. "ಓ, ಇನ್‌ಟ್ರೌವೆನ್!" ಎಂದಳು. ಮದುವೆಯಾಗಿ ಒಳಗೆ ಬರುವುದು. ಈ ಸೀಮೆಯಲ್ಲಿ ಆಗೆಲ್ಲ ಮನೆಗೆ ಜನರ ಹೆಸರಲ್ಲ, ಜನರಿಗೇ ಮನೆಯ ಹೆಸರು. ಹೊಸಲು ದಾಟಿ ಒಳಗೆ ಬಂದ ಗಂಡಸು ತನ್ನ ಹೆಸರನ್ನು ಹೊರಗೆ ಬಿಟ್ಟು ಬರುತ್ತಿದ್ದ. ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಖೆರಿಟ್ ಹನ್ನೊಂದು ವರ್ಷದಿಂದ ಸೈನ್ಯದ ಪಟ್ಟಿ ಬಿಟ್ಟು ಬೇರೇನನ್ನೂ ಕೇಳಿಯೇ ಇರಲಿಲ್ಲವಲ್ಲ ಎಂದಳು.

ಖೆರಿಟ್ ಕೂತ. ಸಿಪಾಯಿ ಸಿಕ್ಕಿದ್ದ. ಮುಖದಲ್ಲಿ ನಗು ಹುಟ್ಟಿತು, ಅರ್ಧಕ್ಕೆ ನಿಂತಿತು. ಬೆರಳು ಮಡಿಚಿ ಲೆಕ್ಕ ಹಾಕತೊಡಗಿದ. ಹೆಂಡ್ರಿಕಾಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮೊದಲ ಗಂಡ ಜಾನ್‌ಗೆ ಹುಟ್ಟಿದವನು; ಬೆರೆಂಡ್ ಆ ಕವಲಿನವನು. ಚಿಕ್ಕವನು ಡೆರ್ಕ್‌ಗೆ ಹುಟ್ಟಿದವನು. ಖೆರಿಟ್ ಈ ಕವಲು. ಎಂದರೆ ಬೆರೆಂಡ್ ಅಪ್ಪಟ ಲೆನ್ಸಿಂಕ್. ತಾನು ಹೊರಗಿನಿಂದ ಬಂದು ಸೇರಿಕೊಂಡ, ಪ್ಲಮ್ಮು ತಿಂದು ಮಲಗಿದ ಹಾರ್ಮ್ಸನ್‌ನ ಕಡೆಯವನು.

ಅವನು ಕಡತ ಮುಚ್ಚಿದ. ಎಲ್ಲರನ್ನೂ ಆಮರ್ಸ್‌ಫೋರ್ಟಿಗೆ ಕರೆತಂದ. ಕಾರು ನಿಲ್ಲಿಸಿ, "ಇದು ನಮ್ಮ ಮೂವರಲ್ಲೇ ಇರಲಿ. ಬೆರೆಂಡ್‌ಗೆ ತಿಳಿದರೆ ಸಾಯುವ ತನಕ ಆಡಿಕೊಳ್ಳುತ್ತಾನೆ. ಸಿಪಾಯಿ ಸಿಗಲಿಲ್ಲ ಎಂದುಬಿಡುತ್ತೇನೆ," ಎಂದ.

ಮರುದಿನದಿಂದ ರುದ್ರಪ್ಪ ಪಕ್ಕದ ಮನೆಗೆ ಕಾಫಿಗೆ ಹೋಗಲಿಲ್ಲ. ಮೊದಲ ದಿನ ಮೊಣಕಾಲು ನೋವೆಂದ. ಎರಡನೆಯ ದಿನ ಯಾವ ಮೊಣಕಾಲೆಂದು ಅಳಿಯ ಕೇಳಿದಾಗ ಇನ್ನೊಂದನ್ನು ತೋರಿಸಿದ.

"ಏನಾಯ್ತು ಮಾವ? ಅವರು ಏನಾದ್ರೂ ಅಂದ್ರಾ?" ಎಂದ ಸುರೇಶ.

"ನನಗೇನೂ ಅನ್ನಲಿಲ್ಲ. ಆ ಡೆರ್ಕಪ್ಪನ ಗತಿ ನೋಡು. ಇದ್ದಾಗ ಹೆಸರು ಹೋಯ್ತು. ಸತ್ತು ಇನ್ನೂರು ವರ್ಷ ಆದ್ಮೇಲೆ ಸಿಕ್ಕಿದ್ರೆ, ಮೊಮ್ಮಗನೇ ಮತ್ತೆ ಪೆಟ್ಟಿಗೇಲಿಟ್ಟು ಮುಚ್ಚಳ ಹಾಕ್ತಾನೆ."

ಐದನೆಯ ದಿನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಖೆರಿಟ್. ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಳ್ಳದೆ ಈ ದೇಶದಲ್ಲಿ ಯಾರೂ ಯಾರ ಮನೆಗೂ ಬರುವುದಿಲ್ಲ. ಯಾರೋ ತೀರಿಹೋಗಿರಬೇಕೆಂದು ವಾಸಂತಿ ಹೆದರಿದಳು. ಖೆರಿಟ್ ಒಳಗೆ ಬಂದು ರುದ್ರಪ್ಪನ ಎದುರಿಗೆ ಕೂತ.

"ನನ್ನ ಮೇಲೆ ಸಿಟ್ಟೇ?"

ರುದ್ರಪ್ಪ ಅಡಿಕೆ ಕತ್ತರಿಸುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಹೇಳವ್ವ ಅವನಿಗೆ. ನಾನೂ ಮನೆಅಳಿಯ."

"ಅಪ್ಪಾ, ಅದನ್ನೆಲ್ಲ ಯಾಕೆ ಈಗ?"

"ಹೇಳು. ಈ ಸಲ ಚೊಕ್ಕ ಮಗ ಅನ್ಬೇಡ. ಆಯಮ್ಮ ಹೇಳಿದ್ಳಲ್ಲ, ಆ ಮಾತು ಹೇಳು."

ಅಲ್ಲಿಂದ ಒಂದು ಗಂಟೆ ವಾಸಂತಿಗೆ ಬಿಡುವಿಲ್ಲದ ಕೆಲಸ. ರುದ್ರಪ್ಪ ಹುಟ್ಟಿದ್ದು ಮುದ್ದನಹಟ್ಟಿ, ಅಲ್ಲಿ ಅವನಿಗೆ ಅಪ್ಪನ ಹೆಸರಿತ್ತು. ಇಪ್ಪತ್ತೆರಡಕ್ಕೆ ಹುಲ್ಲೇನಹಳ್ಳಿಯ ರಾಜಮ್ಮನ ಕೈಹಿಡಿದು ಅವಳ ಮನೆಗೆ ಬಂದ, ಮಾವನಿಗೆ ಗಂಡುಮಕ್ಕಳಿರಲಿಲ್ಲ. ಕಲ್ಲು ಆಯ್ದ, ಬದು ಹಾಕಿದ, ಬಾವಿ ತೋಡಿದ. ಊರಿನವರು ಕರೆದದ್ದು ರಾಜಮ್ಮನ ಗಂಡ ಎಂದು. ಬಸ್ಸಿನ ಕಂಡಕ್ಟರೂ ಹಾಗೇ ಕರೆದ. ಹೋಗಲಿ ಎಂದರೆ ಒಂದು ವರ್ಷ ಪಹಣಿ ತೆಗೆಸಿದಾಗ ಅದರಲ್ಲೂ ಅದೇ. ಸಾಗುವಳಿ ಮಾಡುವವರ ಹೆಸರು ಎಂಬ ಕಡೆ ಬರೆದಿದ್ದರು: ರಾಜಮ್ಮನ ಗಂಡ. ಮುಂದೆ ಹೆಸರಿಲ್ಲ.

"ತಿದ್ದಿಸಲಿಲ್ಲವೇ?" ಎಂದು ಕೇಳಿದ ಖೆರಿಟ್. ರೈಲಿನಲ್ಲಿ ಮೂವತ್ತೆಂಟು ವರ್ಷ ತಪ್ಪು ಟಿಕೆಟ್ ಹಿಡಿದವನಿಗೆ ಇದು ಸಹಿಸುವ ವಿಷಯವಾಗಿರಲಿಲ್ಲ.

"ಹೋಗಿದ್ದೆ. ಗುಂಡಪ್ಪ ಅಂತ ಗುಮಾಸ್ತ. ಇದರಲ್ಲಿ ತಪ್ಪೇನಿದೆ ಅಂದ. ನನ್ನ ಹೆಸರಿಲ್ಲ ಸ್ವಾಮಿ ಅಂದೆ. ನೀನು ರಾಜಮ್ಮನ ಗಂಡ ಹೌದೋ ಅಲ್ವೋ ಅಂದ. ಹೌದು ಅಂದೆ. ಹಾಗಾದ್ರೆ ರುಜು ಹಾಕು ಅಂದ. ಹಾಕಿ ಬಂದೆ."

ವಾಸಂತಿ ಹೇಳಿ ಮುಗಿಸುವಷ್ಟರಲ್ಲಿ ಖೆರಿಟ್ ಬಿದ್ದು ಬಿದ್ದು ನಗುತ್ತಿದ್ದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ರುದ್ರಪ್ಪನೂ ನಕ್ಕ. ಆಮೇಲೆ ಒಂದು ಅಡಿಕೆ ಹೋಳು ಅವನ ಕೈಗಿಟ್ಟು ಹೇಳಿದ: "ನಗೋದು ನಗು. ಆದ್ರೆ ನನ್ನ ಮೊಮ್ಮಕ್ಕಳು ಯಾರಾದ್ರೂ ಆ ಕಾಗದ ನೋಡಿ, ಇವನ್ಯಾರೋ ನಮಗೆ ಸಂಬಂಧವಿಲ್ಲ ಅಂತ ಗೀಟು ಎಳೆದ್ರೆ, ನನಗೆ ಸಂಕಟ ಆಗ್ತದೆ ಗಿರಿಯಪ್ಪ."

ಖೆರಿಟ್ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಥಟ್ಟನೆ ಎದ್ದು ಹೊರಟ. ಅಡಿಕೆ ಕಾರಣವೋ, ಮಾತು ಕಾರಣವೋ ಗೊತ್ತಾಗಲಿಲ್ಲ. ಶನಿವಾರದ ಕೂಟಕ್ಕೆ ನೀವೂ ಬನ್ನಿ ಎಂದು ಮಾತ್ರ ಬಾಗಿಲಲ್ಲಿ ತಿರುಗಿ ಹೇಳಿದ.

ಕೂಟ ನಡೆದದ್ದು ತೋಟದ ಹತ್ತಿರದ ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಎಂಬತ್ತಮೂರು ಜನ. ಬಾಗಿಲಲ್ಲಿ ಬೆರೆಂಡ್‌ನ ಹೆಂಡತಿ ಎಲ್ಲರ ಎದೆಗೂ ಹೆಸರಿನ ಚೀಟಿ ಸಿಕ್ಕಿಸುತ್ತಿದ್ದಳು. ಚೀಟಿಗಳ ಮೇಲೆ ಲೆನ್ಸಿಂಕ್ ಎಂದು ಮೊದಲೇ ಅಚ್ಚು ಹಾಕಿಸಿದ್ದರು. ಮುಂದೆ ಒಂದಕ್ಷರ ಬರೆದರೆ ಸಾಕಿತ್ತು. ಹೀಗಾಗಿ ರುದ್ರಪ್ಪ ಆರ್. ಲೆನ್ಸಿಂಕ್ ಆಗಿ ಒಳಗೆ ಹೋದ.

"ಅಪ್ಪಾ, ನಿಮ್ಮನ್ನ ಇಲ್ಲೂ ಮನೆಅಳಿಯ ಮಾಡ್ಬಿಟ್ರು," ಎಂದಳು ವಾಸಂತಿ.

"ಊಟ ಹಾಕ್ತಾರೇನೋ ಕೇಳು," ಎಂದ ರುದ್ರಪ್ಪ.

ಗೋಡೆಯ ಮೇಲೆ ವಂಶವೃಕ್ಷದ ದೊಡ್ಡ ಹಾಳೆ. ಬುಡದಲ್ಲಿ ಒಂದೇ ಚೌಕ: ಡೆರ್ಕ್ ಲೆನ್ಸಿಂಕ್, ಹೆಂಡ್ರಿಕಾ ಲೆನ್ಸಿಂಕ್. ಅದರಿಂದ ಎರಡು ಕವಲು. ಬೆರೆಂಡ್ ಖೆರಿಟ್‌ಗಿಂತ ಒಂದು ಗೇಣು ಹೆಚ್ಚು ಎತ್ತರ, ಕೈಯಲ್ಲಿ ಒಂದು ಗಂಟೆ. ಹೋದ ವರ್ಷದ ವರದಿ, ಸೂಪು, ಹೊಸ ಶಿಶುಗಳ ಹೆಸರು, ಮತ್ತೆ ಸೂಪು. ಕೊನೆಗೆ "ಇತರೆ" ಎಂಬ ಬಾಬ್ತು ಬಂತು.

"ಖೆರಿಟ್, ಸಿಪಾಯಿ ಬಂದಿದ್ದಾನೆಯೇ?" ಎಂದ ಬೆರೆಂಡ್. ಸಭೆ ನಕ್ಕಿತು.

ಖೆರಿಟ್ ಎದ್ದ. ಕೋಟಿನ ಜೇಬಿಗೆ ಕೈ ಹಾಕಿ ಒಂದು ಹಾಳೆ ತೆಗೆದ, ನೋಡಿದ, ಒಳಗಿಟ್ಟ. ಇನ್ನೊಂದು ಜೇಬಿನಿಂದ ಇನ್ನೊಂದು ತೆಗೆದ. ಯಾವ ಹಾಳೆಯಲ್ಲಿ ಏನಿದೆಯೋ!

"ಬಂದಿದ್ದಾನೆ," ಎಂದ ಖೆರಿಟ್. ಎಲ್ಲವನ್ನೂ ಓದಿದ. ಡೆರ್ಕ್ ಹಾರ್ಮ್ಸನ್, ನಾಲ್ಕು ವರ್ಷದ ಸಿಪಾಯಿಗಿರಿ, ಪ್ಲಮ್ಮನ್ನೂ ಬಿಡಲಿಲ್ಲ. ಹೆಂಡ್ರಿಕಾ ಜಾನ್‌ನ ವಿಧವೆ. ಡೆರ್ಕ್ ಮದುವೆಯಾಗಿ ಒಳಗೆ ಬಂದವನು. ನಾನು ಅವನ ಕಡೆಯವನು. ವಾಸಂತಿ ಪಿಸುದನಿಯಲ್ಲಿ ಹೇಳುತ್ತ ಹೋದ ಹಾಗೆ ರುದ್ರಪ್ಪನ ಬೆನ್ನು ನೆಟ್ಟಗಾಗುತ್ತ ಹೋಯಿತು.

ಬೆರೆಂಡ್‌ಗೆ ಇಷ್ಟು ಸಂತೋಷ ತಡೆದುಕೊಳ್ಳುವುದು ಕಷ್ಟವಾಯಿತು. "ಅಂದರೆ ಇಪ್ಪತ್ತು ವರ್ಷದಿಂದ ನಮ್ಮ ಸೂಪು ಕುಡಿಯುತ್ತಿದ್ದವರಲ್ಲಿ ಅರ್ಧ ಜನ ಹಾರ್ಮ್ಸನ್‌ಗಳು!" ಎಂದು ಗಂಟೆ ಬಾರಿಸಿದ. "ಲೆನ್ಸಿಂಕ್ ಎಂದರೆ ಜಾನ್‌ನ ಕವಲು. ನಾವು."

ಅರ್ಧ ಸಭೆ ಕೂಗಾಡಿತು, ಇನ್ನರ್ಧ ನಕ್ಕಿತು. ಖೆರಿಟ್ ಹಾಳೆ ಹಿಡಿದು ನಿಂತೇ ಇದ್ದ, ಕಿವಿ ಕೆಂಪು.

ರುದ್ರಪ್ಪ ಮಗಳ ಕಡೆ ಬಾಗಿದ. "ಆ ಜಾನ್ ಯಾವ ಊರವನಂತೆ?"

"ಅಪ್ಪಾ, ಸುಮ್ನಿರಿ."

"ಗೊತ್ತಿಲ್ದೆ ಕೇಳ್ತೀನಿ ಕಣವ್ವ. ಹೆಂಡತಿ ಮನೆ ಹೆಸರೋ, ಅವನ ಸ್ವಂತದ್ದೋ?"

ವಾಸಂತಿ ನಾಚುತ್ತ, ವ್ಯಾಕರಣ ತಪ್ಪುತ್ತ, ಎದ್ದು ಕೇಳಿಯೇಬಿಟ್ಟಳು. ಬೆರೆಂಡ್ ಗೋಡೆಯ ಕಡೆ ತಿರುಗಿದ. ಜಾನ್‌ನ ಅಪ್ಪ ಯಾರು, ಹುಟ್ಟಿದ್ದೆಲ್ಲಿ? ಹಾಳೆ ನೋಡಿದ. ಹಾಳೆಯಲ್ಲಿ ಜಾನ್‌ನ ಸುದ್ದಿಯೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಬೆರೆಂಡ್‌ನ ತಾಯಿಗೆ ತೊಂಬತ್ತೊಂದು ವರ್ಷ. ಅವಳು ಮೊದಲು ನಕ್ಕಳು, ಸೂಪಿನ ಬಟ್ಟಲು ಅಲುಗಾಡುವ ಹಾಗೆ. ಆಮೇಲೆ ಊರುಗೋಲು ನೆಲಕ್ಕೆ ಕುಟ್ಟಿದಳು.

"ಅಪ್ಪ ಸತ್ತು ಡೆರ್ಕ್ ಬಂದಾಗ ನಿನ್ನ ಮೂಲದವನಿಗೆ ಎರಡು ವರ್ಷ, ಬೆರೆಂಡ್. ಅನ್ನ ಹಾಕಿದ್ದು ಯಾರು? ಬಾಯಿ ಮುಚ್ಚಿಕೊಂಡು ಪೆನ್ನು ತಗೋ. ಸಿಪಾಯಿಯ ಹೆಸರು ಬರೆ."

ಬೆರೆಂಡ್ ದಪ್ಪ ಪೆನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋದ. ಬುಡದ ಚೌಕದಲ್ಲಿ ಡೆರ್ಕ್‌ನ ಮುಂದಿದ್ದ ಲೆನ್ಸಿಂಕ್ ಹೊಡೆದುಹಾಕಿದ. ಹಾರ್ಮ್ಸನ್ ಬರೆಯಲು ಜಾಗ ಸಾಲದು. ಖೆರಿಟ್ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಹೇಳಿಕೊಟ್ಟ. ಅಕ್ಷರಗಳು ಹೋಗುತ್ತ ಹೋಗುತ್ತ ಸಣ್ಣಗಾಗಿ, ಕೊನೆಯದು ಚೌಕದ ನಡುಗೀಟು ದಾಟಿ ಹೆಂಡ್ರಿಕಾಳ ಪಾಲಿಗೆ ಹೋಗಿ ಕೂತಿತು. ಬೆರೆಂಡ್ ಅದನ್ನು ಅಳಿಸಲು ಹೊರಟ.

ಆ ಲಿಪಿ ಓದಲು ಬಾರದಿದ್ದರೂ ಎದ್ದು ಹೋಗಿ ಹತ್ತಿರದಿಂದ ನೋಡುತ್ತಿದ್ದ ರುದ್ರಪ್ಪ ಬೆರೆಂಡ್‌ನ ಕೈ ಹಿಡಿದುಕೊಂಡ.

"ಇರಲಿ ಬಿಡಪ್ಪ," ಎಂದ ಕನ್ನಡದಲ್ಲೇ. "ಹೆಂಡತಿ ಮನೇಲಿ ಅಷ್ಟೂ ಸಲಿಗೆ ಬೇಡ್ವಾ ಅವನಿಗೆ?"